ಸೇರತೈತಿ, ಸೇರಂಗಿಲ್ಲ

ರೋಣ, ನರಗುಂದ, ಗಜೇಂದ್ರಗಡದ ಅಡುಗೆಮನೆಗಳಲ್ಲಿ ‘ಇಷ್ಟ’ ಎನ್ನುವ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ‘ನಂಗ ಬದನಿಕಾಯಿ ಸೇರತೈತಿ’, ‘ನಮ್ಮ ತಮ್ಮಗ ಪುಂಡಿಪಲ್ಯ ಸೇರಂಗಿಲ್ಲ’ ಎನ್ನುತ್ತೇವೆ. ಈ ಮಾತಿನಲ್ಲಿ ಕೆಲಸವೆಲ್ಲ ಬದನೆಕಾಯಿಯದ್ದೇ. ಅದು ಬಂದು ನಮ್ಮನ್ನು ಸೇರಬೇಕು. ಸೇರದೆ ಹೋದರೆ ಅದರ ಹಣೆಬರಹ, ಉಣ್ಣುವವನ ಮೇಲೆ ತಪ್ಪು ಬರುವುದಿಲ್ಲ. ಉರ್ದು ಮಾತಾಡುವ ಮನೆಗಳಲ್ಲಿ ‘ಮುಝೆ ಪಸಂದ್ ಹೈ’ ಎನ್ನುತ್ತಾರೆ. ಅಲ್ಲಿಯೂ ‘ನಾನು’ ಮುಂದೆ ಬರುವುದಿಲ್ಲ, ‘ನನಗೆ’ ಬರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಎಂಟು ವರ್ಷದ ಹುಡುಗಿ ಎದ್ದು ನಿಂತು ಮೊದಲಿಗೇ ‘ಐ’ ಎಂದು ತನ್ನನ್ನು ಮುಂದಿಟ್ಟುಕೊಳ್ಳಬೇಕು. ಐ ಲೈಕ್ ಮ್ಯಾಂಗೋ. ಐ ಡೋಂಟ್ ಲೈಕ್ ಬ್ರಿಂಜಾಲ್.

ಈ ಎರಡು ವಾಕ್ಯ ಕಲಿಸುವುದರಲ್ಲಿ ಎಷ್ಟೆಲ್ಲ ಇದೆ ಎಂಬುದನ್ನು ಮೂರು ತಾಲ್ಲೂಕಿನ ನಾಲ್ಕೈದು ಶಾಲೆಗಳ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ. ಪತ್ರಿಕೆಗೆ ಶಾಲೆಯ ಸುದ್ದಿ ಅಂದರೆ ಸೋರುವ ಕೊಠಡಿ, ಶಿಕ್ಷಕರ ಕೊರತೆ, ಎಸ್ಸೆಸ್ಸೆಲ್ಸಿ ಫಲಿತಾಂಶ. ಪಾಠ ಹೇಗೆ ನಡೆಯಿತು ಎಂಬುದಕ್ಕೆ ಪುಟದಲ್ಲಿ ಜಾಗ ಇರುವುದಿಲ್ಲ. ಸೋರುವ ಕೊಠಡಿಯ ಫೋಟೊ ತೆಗೆಯಲು ಹೋದವನು ಮಳೆ ನಿಲ್ಲುವವರೆಗೆ ಕೂತದ್ದರಿಂದ ನನಗೆ ಮೊದಲ ಪಾಠ ನೋಡಲು ಸಿಕ್ಕಿತು. ಆಮೇಲೆ ಕೇಳಿಕೊಂಡೇ ಹೋದೆ.

ನಮ್ಮ ಕಾಲದಲ್ಲಿ ಎಬಿಸಿಡಿ ಬಂದದ್ದು ಐದನೇ ಇಯತ್ತೆಯಲ್ಲಿ. ಅದು ಬರುವ ಹೊತ್ತಿಗೆ ಮೀಸೆ ಮೂಡುವುದೊಂದು ಬಾಕಿ ಇತ್ತು. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಶುರುವಾಯಿತು. ಓದು ಬರಹಕ್ಕೂ ಮೊದಲು ಮಾತು ಬರಲಿ ಎಂಬುದು ಆಶಯ. ಮಾತು ಅಂದರೆ ಏನು ಮಾತಾಡುವುದು? ಹೆಸರು, ಅಪ್ಪ ಅಮ್ಮ, ಬಣ್ಣ, ಪ್ರಾಣಿ, ಆಮೇಲೆ ತಿನ್ನುವುದು. ತಿನ್ನುವ ವಿಷಯ ಬಂದ ಕೂಡಲೆ ತರಗತಿಗೆ ಜೀವ ಬರುತ್ತದೆ ಎಂದು ಎಲ್ಲ ಶಿಕ್ಷಕರೂ ಹೇಳುತ್ತಾರೆ. ಅದು ನಿಜ. ಅಲ್ಲಿಂದ ಮುಂದಿನ ದಾರಿ ಮಾತ್ರ ಸಲೀಸಲ್ಲ.

ರೋಣ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಮೂರನೇ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು. ಕಲಿಸುವ ಅಕ್ಕೋರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ಬಂದವರು. 1963ರಲ್ಲಿ ಶುರುವಾದ ಆ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಕಲಿಸುವ ಬಗೆ ಹೇಳಿಕೊಡುತ್ತದೆ. ಅಲ್ಲಿಂದ ಅವರು ಒಂದು ಹುರುಪು ತಂದಿದ್ದರು, ಗದಗಿನ ಅಂಗಡಿಯಿಂದ ಒಂದು ಡಬ್ಬಿ ಚಿತ್ರದ ಕಾರ್ಡುಗಳನ್ನು ತಂದಿದ್ದರು. ಕಾರ್ಡಿನಲ್ಲಿ ಆ್ಯಪಲ್, ಪಿಜ್ಜಾ, ಬರ್ಗರ್, ಚೀಸ್, ನೂಡಲ್ಸ್, ಬ್ರೊಕೊಲಿ. ಜೊತೆಗೆ ಮೊಬೈಲಿನಲ್ಲಿ ಒಂದು ಹಾಡು. ಬ್ರೊಕೊಲಿಯ ಐಸ್‌ಕ್ರೀಮ್ ನಿನಗೆ ಸೇರುತ್ತದೆಯೇ ಎಂದು ಕೇಳುವ ಈ ಮಕ್ಕಳ ಹಾಡನ್ನು ಯೂಟ್ಯೂಬಿನಲ್ಲಿ ಜಗತ್ತಿನ ಮಕ್ಕಳೆಲ್ಲ ನೋಡಿದ್ದಾರೆ. ಎರಡೂ ಒಳ್ಳೆಯ ಪದಾರ್ಥ, ಆದರೆ ಕಲೆಸಿದರೆ ಅಸಹ್ಯ. ಮಕ್ಕಳು ‘ಛೀ’ ಎಂದು ನಗಬೇಕು, ನಗುತ್ತಲೇ ‘ನೋ, ಐ ಡೋಂಟ್’ ಎನ್ನುವುದು ಬಾಯಿಗೆ ಬರಬೇಕು. ಉಪಾಯ ಚೆನ್ನಾಗಿದೆ.

ರೋಣದ ಮಕ್ಕಳು ನಗಲಿಲ್ಲ. ಬ್ರೊಕೊಲಿಯ ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ ನೋಡಿ, ‘ಹಸರ ಹೂಕೋಸ ಐತ್ರಿ’ ಎಂದು ತೀರ್ಮಾನಿಸಿದರು. ಅದರ ಐಸ್‌ಕ್ರೀಮ್ ಹೇಗಿರಬಹುದು ಎಂದು ಕೇಳಿದರೆ, ‘ಛಲೋನ ಇರತೈತಿ ಬಿಡ್ರಿ, ಐಸ್‌ಕ್ರೀಮ್ ಅಲ್ಲೇನ್ರಿ’ ಎಂದ ಒಬ್ಬ. ಅವನ ತರ್ಕದಲ್ಲಿ ಏನೂ ತಪ್ಪಿರಲಿಲ್ಲ.

ಮರುದಿನ ಅಕ್ಕೋರು ಅದೇ ಧಾಟಿಯಲ್ಲಿ ಉಳ್ಳಾಗಡ್ಡಿ ಐಸ್‌ಕ್ರೀಮ್ ಕೇಳಿದರು. ಉಳ್ಳಾಗಡ್ಡಿ ಕೊಯ್ಲಿನಲ್ಲಿ ಅವ್ವನ ಜೊತೆ ಹೊಲಕ್ಕೆ ಹೋಗಿ ಕಣ್ಣು ಉರಿಸಿಕೊಂಡ ಮಕ್ಕಳು ಅವು. ತರಗತಿ ಎದ್ದು ಕೂಗಿತು: ‘ನೋ ಐ ಡೋಂಟ್!’ ಹಸಿಮೆಣಸಿನಕಾಯಿ ಪಾಯಸ? ‘ನೋ ಐ ಡೋಂಟ್!’ ಮಜ್ಜಿಗೆ ಹಾಕಿದ ಚಹಾ? ಒಬ್ಬಳು ವಾಂತಿ ಬಂದಂತೆ ನಟಿಸಿ ಬೆಂಚಿನ ಮೇಲೆ ಒರಗಿದಳು. ಅಕ್ಕೋರ ಬ್ರೊಕೊಲಿ ಕಾರ್ಡು ಆಮೇಲೆ ಕಿಟಕಿಯ ಬಾಗಿಲು ಬಡಿಯದಂತೆ ಸಂದಿಗೆ ಸಿಕ್ಕಿಸಲು ಉಪಯೋಗಕ್ಕೆ ಬಂತು.

‘ಡೋಂಟ್’ ಹೀಗೆ ಬೇಗ ಬಂತು. ತೊಂದರೆ ಇದ್ದದ್ದು ‘ಲೈಕ್’ನಲ್ಲಿ. ಆ ಪದ ಮಕ್ಕಳಿಗೆ ಮೊದಲೇ ಗೊತ್ತಿತ್ತು, ಶಾಲೆಯಿಂದಲ್ಲ. ‘ಲೈಕ್ ಮಾಡ್ರಿ, ಶೇರ್ ಮಾಡ್ರಿ, ಸಬ್‌ಸ್ಕ್ರೈಬ್ ಮಾಡ್ರಿ’ ಎನ್ನುವುದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು. ಲೈಕ್ ಅಂದರೆ ಹೆಬ್ಬೆರಳು. ‘ಡೂ ಯೂ ಲೈಕ್ ಬನಾನಾ’ ಎಂದರೆ ಬಾಯಿ ಬಿಡದೆ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಮಾತಾಡಿದರೆ ‘ಐ ಆಮ್ ಲೈಕ್ ಬನಾನಾ’. ಇದು ಮಕ್ಕಳ ತಪ್ಪು ಮಾತ್ರವಲ್ಲ, ನಮ್ಮ ಕಡೆ ಪದವಿ ಮುಗಿಸಿದವರೂ ಬಯೊಡೇಟಾದಲ್ಲಿ ಹೀಗೇ ಬರೆಯುತ್ತಾರೆ. ‘ಐ’ ಬಂದ ಮೇಲೆ ‘ಆಮ್’ ಬರದಿದ್ದರೆ ನಮಗೆ ಸಮಾಧಾನವಿಲ್ಲ.

ಇನ್ನೊಬ್ಬ ಹುಡುಗನ ಸಮಸ್ಯೆ ಬೇರೆ. ‘ಐ ಲೈಕ್ ಜಿಲೇಬಿ’ ಎಂದು ಒಂದೂ ತಪ್ಪಿಲ್ಲದೆ ಹೇಳಿ, ಕೈ ಮುಂದೆ ಚಾಚಿ ನಿಂತ. ಅಕ್ಕೋರು ‘ವೆರಿ ಗುಡ್, ಕೂಡು’ ಎಂದರು. ಅವನು ಕೂಡಲಿಲ್ಲ. ‘ಸೇರತೈತಿ ಅಂತ ಹೇಳಸ್ಕೊಂಡ ಮ್ಯಾಲೆ ಕೊಡಬೇಕಲ್ರಿ?’

ಎಲ್ಲರೂ ನಕ್ಕೆವು. ಆದರೆ ಮಾತು ಅವನದೇ ಸರಿ. ನಮ್ಮ ಮನೆಗಳಲ್ಲಿ ಮಗುವನ್ನು ‘ನಿನಗೆ ಏನು ಸೇರುತ್ತದೆ’ ಎಂದು ಸುಮ್ಮನೆ ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಜಾತ್ರೆಗೆ ಹೋದಾಗ, ಅಥವಾ ಜ್ವರ ಬಂದಾಗ. ಕೇಳುವುದು ಅಂದರೆ ಕೊಡಿಸುವುದು. ಉಳಿದ ದಿನಗಳಲ್ಲಿ ರೊಟ್ಟಿ, ಒಂದು ಪಲ್ಯ ಅಥವಾ ಕಾಳು, ಹಿಂಡಿ, ಮಜ್ಜಿಗೆ. ಹೊಲದಿಂದ ಬಂದದ್ದು, ಸಂತೆಯಲ್ಲಿ ಅಗ್ಗ ಸಿಕ್ಕದ್ದು. ಅದಕ್ಕೆ ಮುಖ ಸಿಂಡರಿಸಿದರೆ ಅಜ್ಜಿ ಹೇಳುತ್ತಿದ್ದ ಮಾತು ನನಗೂ ನೆನಪಿದೆ: ‘ಉಣ್ಣೂದಕ್ಕ ಹೆಸರ ಇಡಬಾರದು.’ ಹೆಸರಿಡುವುದು ಅಂದರೆ ಕುಂದು ಹೇಳುವುದು. ಅನ್ನಕ್ಕೆ ಹೆಸರಿಟ್ಟವನಿಗೆ ಅನ್ನ ಸಿಗುವುದಿಲ್ಲ ಎಂಬ ಹೆದರಿಕೆ ಅದರ ಹಿಂದೆ ಇತ್ತು. ಬರ ನೋಡಿದ ಎರಿ ಹೊಲದ ಸೀಮೆಯ ಮಾತು ಅದು.

ಹಾಗಾಗಿ ‘ವಾಟ್ ಡೂ ಯೂ ಲೈಕ್’ ಎಂಬ ಪ್ರಶ್ನೆಗೆ ತರಗತಿಯಲ್ಲಿ ಮೂರ್ನಾಲ್ಕು ಮಕ್ಕಳು ಒಂದೇ ಉತ್ತರ ಕೊಟ್ಟರು: ‘ಎಲ್ಲಾ ರೀ.’ ಅಕ್ಕೋರು ಒತ್ತಾಯ ಮಾಡಿದರು. ‘ಎಲ್ಲಾ ಅಂದ್ರ ಏನವಾ, ಒಂದರ ಹೇಳು.’ ಹುಡುಗಿ ಯೋಚಿಸಿ ಮತ್ತೆ ‘ಎಲ್ಲಾ ರೀ’ ಎಂದಳು. ‘ನನಗೆ ಇದು ಬೇಡ’ ಎನ್ನುವುದು ಮೊದಲು ಕನ್ನಡದಲ್ಲೇ ಅವಳಿಗೆ ಬರಬೇಕಿತ್ತು. ಇಂಗ್ಲಿಷ್ ಆಮೇಲಿನದು.

ಇಲ್ಲಿ ಅಕ್ಕೋರು ಮಾಡಿದ್ದು ನನಗೆ ಹಿಡಿಸಿತು. ಡಬ್ಬಿಯ ಕಾರ್ಡುಗಳನ್ನು ಬದಿಗಿಟ್ಟು, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹಿಂಬದಿಯಲ್ಲಿ ಮಕ್ಕಳಿಂದಲೇ ಚಿತ್ರ ಬರೆಸಿದರು. ಕಟಕ ರೊಟ್ಟಿ, ಬಿಸಿ ರೊಟ್ಟಿ ಎಂದು ಎರಡು ಬೇರೆ ಕಾರ್ಡು ಆದವು, ಎರಡಕ್ಕೂ ಒಂದೇ ದುಂಡು ಗೆರೆ. ಹೆಸರಬ್ಯಾಳಿ, ಮಡಕಿಕಾಳು, ಜುಣಕ, ಗುರೆಳ್ಳು ಹಿಂಡಿ, ಹಕ್ಕರಿಕಿ ಪಲ್ಯ, ಗಿರಮಿಟ್, ಮಿರ್ಚಿ ಭಜಿ, ಶೇಂಗಾ ಹೋಳಗಿ, ಕರ್ಚಿಕಾಯಿ, ಸಾಲಿ ಅನ್ನ, ಸಾಲಿ ಹಾಲು. ‘ಸಾಲಿ ಅನ್ನ’ವನ್ನು ಮಕ್ಕಳು ಮನೆಯ ಅನ್ನದಿಂದ ಬೇರೆ ಪದಾರ್ಥ ಎಂದೇ ಎಣಿಸಿದ್ದರು. ಸಾಲಿ ಹಾಲು ಅಂದರೆ ಕ್ಷೀರಭಾಗ್ಯದ ಪುಡಿ ಹಾಲು. 2013ರ ಆಗಸ್ಟಿನಿಂದ ಕೊಡುತ್ತಿರುವ ಅದನ್ನು ಕಂಡರಾಗದ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. 2024ರಲ್ಲಿ ವಾರದಲ್ಲಿ ಮೂರು ದಿನ ರಾಗಿ ಹೆಲ್ತ್‌ಮಿಕ್ಸ್ ಬೆರೆಸತೊಡಗಿದ ಮೇಲೆ ಅದು ಸೇರತೊಡಗಿತು ಎನ್ನುವವರೂ, ಇದ್ದದ್ದೂ ಕೆಟ್ಟಿತು ಎನ್ನುವವರೂ ಒಂದೇ ಬೆಂಚಿನಲ್ಲಿದ್ದರು. ‘ಐ ಡೋಂಟ್ ಲೈಕ್ ಸಾಲಿ ಮಿಲ್ಕ್’ ಎಂಬ ವಾಕ್ಯ ಬಂದಾಗ ಮಾತ್ರ ಅಕ್ಕೋರು ಬಾಗಿಲ ಕಡೆ ನೋಡಿದರು. ಬಾಗಿಲಾಚೆ ಹೆಡ್‌ಮಾಸ್ತರರ ಕುರ್ಚಿ.

ರೊಟ್ಟಿಗೆ ಇಂಗ್ಲಿಷಿನಲ್ಲಿ ಏನು? ಕಾರ್ಡಿನ ಮೇಲೆ ಒಬ್ಬರು ಯಾರೋ ‘ಜವಾರ್ ಬ್ರೆಡ್’ ಎಂದು ಬರೆದಿದ್ದರು. ಅಕ್ಕೋರು ಅದನ್ನು ಹೊಡೆದು ರೊಟ್ಟಿ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದರು. ಬ್ರೆಡ್ ಅಂದರೆ ಮಕ್ಕಳ ಕಣ್ಣಿಗೆ ಬರುವುದು ಆಸ್ಪತ್ರೆಗೆ ಒಯ್ಯುವ ಮೆತ್ತನೆಯ ಪೊಟ್ಟಣ. ಇಡ್ಲಿ, ದೋಸೆ ಇಂಗ್ಲಿಷ್ ನಿಘಂಟು ಸೇರಿ ಕುಳಿತಿವೆ, ರೊಟ್ಟಿಗೇನು ಧಾಡಿ ಎಂದರು.

ಇದಕ್ಕೆ ತದ್ವಿರುದ್ಧವಾದದ್ದನ್ನು ನರಗುಂದದ ಕಡೆಯ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಕಂಡೆ. ಅಲ್ಲಿ ಮಕ್ಕಳು ಪಿಜ್ಜಾ, ಪಾಸ್ತಾ ಎಂದು ಸಲೀಸಾಗಿ ಹೇಳುತ್ತಿದ್ದರು. ಟಿಫಿನ್ ಬಾಕ್ಸ್ ತೆರೆದರೆ ಚಪಾತಿ, ಉಪ್ಪಿಟ್ಟು, ಅವಲಕ್ಕಿ. ರೊಟ್ಟಿ ಯಾಕಿಲ್ಲ ಎಂದರೆ, ಹಿಂಡಿಯ ಎಣ್ಣೆ ಪುಸ್ತಕಕ್ಕೆ ಹತ್ತುತ್ತದೆ, ವಾಸನೆ ಬರುತ್ತದೆ ಎಂದು ಪಾಲಕರಿಗೆ ಹೇಳಿದ್ದಾರಂತೆ. ಒಂದು ಹುಡುಗಿ ‘ಐ ಲೈಕ್ ಪಾಸ್ತಾ’ ಎಂದಳು. ಎಂದಾದರೂ ತಿಂದಿದ್ದೀಯಾ ಎಂದೆ. ‘ಇಲ್ಲ ಅಂಕಲ್, ಬುಕ್ಕಿನ್ಯಾಗ ಐತಿ.’ ಉಚ್ಚಾರ ಸ್ವಚ್ಛವಾಗಿತ್ತು. ತಿನ್ನದ್ದನ್ನು ಸೇರುತ್ತದೆ ಎಂದು ಹೇಳುವುದಕ್ಕೆ ತಿಂಗಳಿಗಿಷ್ಟು ಎಂದು ಫೀ ಕಟ್ಟುವುದು ನನಗೆ ವಿಚಿತ್ರವಾಗಿ ಕಂಡಿತು. ಕಟ್ಟುವವರಿಗೆ ಕಾರಣಗಳಿವೆ, ಅದು ಬೇರೆ ಮಾತು.

ಗಜೇಂದ್ರಗಡದ ಗುಡ್ಡದ ಆಚೆ ಒಂದು ತಾಂಡಾ ಇದೆ. ಅಲ್ಲಿನ ಜನ ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು, ಮಲ್ಪೆ ಕಡೆ ದುಡಿಯಲು ಹೋಗುತ್ತಾರೆ. ಮಕ್ಕಳೂ ಹೋಗುತ್ತಾರೆ, ಹಾಜರಿ ಪುಸ್ತಕದಲ್ಲಿ ಮೂರು ನಾಲ್ಕು ತಿಂಗಳು ಖಾಲಿ ಇರುತ್ತದೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್. ನಾನು ಹೋದ ದಿನ ಇದೇ ಪಾಠ ಮತ್ತೊಬ್ಬ ಸರ್ ಮಾಡುತ್ತಿದ್ದರು. ಮಲ್ಪೆಯಿಂದ ಆಗಷ್ಟೇ ಮರಳಿದ್ದ ನಾಲ್ಕನೇ ತರಗತಿಯ ಹುಡುಗ ಯಾರೂ ಕೇಳದೆ ಎದ್ದು ‘ಐ ಲೈಕ್ ಫಿಶ್. ಐ ಲೈಕ್ ಬಂಗುಡೆ ಫಿಶ್’ ಎಂದ. ಇಡೀ ತರಗತಿಯಲ್ಲಿ ಆ ದಿನ ಎರಡನೇ ವಾಕ್ಯ ತಾನಾಗಿ ಹೇಳಿದವನು ಅವನೊಬ್ಬನೇ. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಒಬ್ಬ ‘ಏ ಮೀನಾ’ ಎಂದ, ಅದು ಅಡ್ಡಹೆಸರಾಗಿ ಅಂಟುವ ದನಿಯಲ್ಲೇ ಇತ್ತು.

ಸರ್ ಗದರಿಸಲಿಲ್ಲ. ‘ಬಂಗುಡೆ ಹೆಂಗ ಮಾಡ್ತಾರಪಾ’ ಎಂದು ಕೇಳಿದರು. ಹುಡುಗ ಬಂದರಿನ ಕಥೆ ಹೇಳಿದ: ಬೋಟು ಬರುವ ಹೊತ್ತು, ಮಂಜುಗಡ್ಡೆ ಒಡೆಯುವ ಯಂತ್ರ, ಅಪ್ಪ ಹೊರುವ ಬುಟ್ಟಿ, ಬುಟ್ಟಿಯಿಂದ ಕೆಳಗೆ ಬಿದ್ದ ಮೀನನ್ನು ಆರಿಸಿ ತರುವ ತಂಗಿ. ಮೂಗು ಮುಚ್ಚಿಕೊಂಡವರು ಕೈ ತೆಗೆದರು, ಸಮುದ್ರದ ಬಗ್ಗೆ ಕೇಳತೊಡಗಿದರು. ಪಾಠದ ಅವಧಿ ಕನ್ನಡದಲ್ಲೇ ಮುಗಿಯಿತು. ಇಂಗ್ಲಿಷ್ ತನಿಖೆಗೆ ಯಾರಾದರೂ ಬಂದಿದ್ದರೆ ಸರ್‌ಗೆ ಛೀಮಾರಿ ಆಗುತ್ತಿತ್ತೇನೋ. ಆ ಹುಡುಗ ಮಾತ್ರ ‘ಲೈಕ್’ ಎಂಬ ಪದವನ್ನು ಮರೆಯುವುದಿಲ್ಲ ಎಂದು ನಾನು ಬರೆದುಕೊಡಬಲ್ಲೆ.

ಈಗ ಮೊಟ್ಟೆಯ ವಿಷಯ.

2021ರ ಡಿಸೆಂಬರಿನಲ್ಲಿ ಸರ್ಕಾರ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮತ್ತು ವಿಜಯಪುರಕ್ಕೆ ಮಾತ್ರ ಇತ್ತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಗಜೇಂದ್ರಗಡ ದಾಟಿದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ತಾಲ್ಲೂಕು. ಹೊಲದ ಬದುವಿನ ಆಚೆಯ ಶಾಲೆಯಲ್ಲಿ ಮೊಟ್ಟೆ, ಈಚೆಯ ಶಾಲೆಯಲ್ಲಿ ಅನ್ನ ಸಾರು. ಈಚೆಯ ಮಕ್ಕಳು ಆಚೆಯ ಊರಿನ ಸೋದರಮಾವನ ಮಕ್ಕಳಿಂದ ವಿಷಯ ತಿಳಿದು, ‘ನಮಗ್ಯಾಕಿಲ್ರಿ’ ಎಂದು ಕೇಳುತ್ತಿದ್ದರು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ತಿನ್ನದ ನಮ್ಮ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ ಅಳೆದು ಹೋಲಿಸಿದ ಅಧ್ಯಯನವೊಂದು ಮರುವರ್ಷ ಸುದ್ದಿಯಾಯಿತು. ತಿಂದವರ ತೂಕ ಹೆಚ್ಚಾಗಿತ್ತು. ಹೋಲಿಕೆಗೆ ‘ಇಲ್ಲದವರು’ ಬೇಕಲ್ಲ, ಅದು ನಾವಾಗಿದ್ದೆವು.

ಅದೇ ಡಿಸೆಂಬರಿನಲ್ಲಿ ಕೆಲವು ಮಠಾಧೀಶರು ಮೊಟ್ಟೆಯನ್ನು ವಿರೋಧಿಸಿದರು. ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಪ್ರತಿಭಟನೆಯಲ್ಲಿ ಮೈಕಿನ ಮುಂದೆ ನಿಂತು ನಮಗೆ ಮೊಟ್ಟೆ ಬೇಕೇ ಬೇಕು, ಕೊಡದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಮಾತಾಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ನಮಗೆ ಏನು ಸೇರುತ್ತದೆ ಎಂದು ಒಂದು ಹೆಣ್ಣುಮಗು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅವಳಿಗೆ ಅದನ್ನು ಯಾರೂ ಚಿತ್ರದ ಕಾರ್ಡು ತೋರಿಸಿ ಕಲಿಸಿರಲಿಲ್ಲ.

ಮುಂದಿನ ಶೈಕ್ಷಣಿಕ ವರ್ಷ ಮೊಟ್ಟೆ ಎಲ್ಲ ಜಿಲ್ಲೆಗೂ ಬಂತು, ಆಯ್ಕೆಗೆ ಬಾಳೆಹಣ್ಣು, ಶೇಂಗಾ ಚಿಕ್ಕಿ. 2023ರಲ್ಲಿ ವಾರಕ್ಕೆ ಎರಡು ದಿನ, ಹತ್ತನೇ ತರಗತಿವರೆಗೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರು ದಿನ. ಆಯ್ಕೆ ಎಂದ ಮೇಲೆ ಪಟ್ಟಿ ಬೇಕು. ಯಾರು ಮೊಟ್ಟೆ, ಯಾರು ಬಾಳೆಹಣ್ಣು ಎಂದು ಪಾಲಕರನ್ನು ಕೇಳಿ ಶಿಕ್ಷಕರು ಬರೆದಿಟ್ಟುಕೊಳ್ಳುತ್ತಾರೆ. ಆ ಪಟ್ಟಿ ನೋಡಿದರೆ ಊರಿನ ಓಣಿಗಳ ನಕಾಶೆ ಕಣ್ಣಿಗೆ ಬರುತ್ತದೆ. ಪೂರ್ತಿ ಅಲ್ಲ. ಇಂಥ ಓಣಿಯವರು ತಿನ್ನುವುದಿಲ್ಲ ಎಂದು ನಾವು ಅಂದುಕೊಂಡ ಮನೆಗಳಿಂದಲೂ ‘ಕೊಡ್ರಿ, ಮನ್ಯಾಗ ಹೇಳಬ್ಯಾಡ್ರಿ’ ಎಂದವರಿದ್ದಾರೆ.

ರೋಣ ತಾಲ್ಲೂಕಿನ ಆ ಮೂರನೇ ತರಗತಿಗೆ ಮರಳುತ್ತೇನೆ. ಮಕ್ಕಳು ಬರೆದ ಕಾರ್ಡುಗಳಲ್ಲಿ ಮೊಟ್ಟೆಯದೂ ಇತ್ತು. ಒಬ್ಬಳು ಅದನ್ನು ಎತ್ತಿಕೊಂಡು, ‘ಐ ಲೈಕ್ ಎಗ್’ ಎಂದಳು. ‘ಆಮ್’ ಇಲ್ಲದೆ, ಸ್ಪಷ್ಟವಾಗಿ. ಅಕ್ಕೋರು ವೆರಿ ಗುಡ್ ಎನ್ನುವ ಮೊದಲೇ ಹಿಂದಿನಿಂದ ಒಬ್ಬ ಕೂಗಿದ:

‘ಅಕ್ಕೋರ, ಆಕಿ ಬಾಳಿಹಣ್ಣಿನಾಕಿ ರೀ!’

ತರಗತಿ ಸುಮ್ಮನಾಯಿತು. ಹುಡುಗಿ ಕಾರ್ಡನ್ನು ಮಗುಚಿ ಹಿಡಿದಳು, ಲಗ್ನಪತ್ರಿಕೆಯ ಗಣಪತಿ ಹೊರಗೆ ಬಂದ. ಅಕ್ಕೋರು ಕೂಗಿದವನನ್ನು ನೋಡಿ, ‘ನಾ ಯಾರು ಏನ ತಿಂತೀರಿ ಅಂತ ಕೇಳಿಲ್ಲ. ಏನ ಸೇರತೈತಿ ಅಂತ ಕೇಳೀನಿ. ತಿನ್ನೂದು ಬ್ಯಾರೆ, ಸೇರೂದು ಬ್ಯಾರೆ’ ಎಂದರು. ಆಮೇಲೆ ಬೋರ್ಡಿನ ಮೇಲೆ ‘ಐ ಈಟ್’, ‘ಐ ಲೈಕ್’ ಎರಡನ್ನೂ ಅಕ್ಕಪಕ್ಕ ಬರೆದರು. ವ್ಯಾಕರಣ ಎನ್ನುವಂತೆಯೇ ಬರೆದರು. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮೊಟ್ಟೆ ಪಟ್ಟಿಯಲ್ಲಿದ್ದ ಒಬ್ಬ ಹುಡುಗ ತಕ್ಷಣ ಎದ್ದು, ‘ಐ ಈಟ್ ಎಗ್. ಐ ಡೋಂಟ್ ಲೈಕ್ ಎಗ್’ ಎಂದ. ಹಳದಿಯ ಭಾಗದ ವಾಸನೆ ಅವನಿಗೆ ಆಗದು. ಪುಕ್ಕಟೆ ಕೊಡುವಾಗ ಬಿಡಬೇಡ ಎಂದು ಮನೆಯಲ್ಲಿ ಹೇಳಿದ್ದಾರೆ. ಒಂದು ಪದಾರ್ಥದ ಮೇಲೆ ಎರಡು ವಾಕ್ಯಗಳ ಇಷ್ಟು ಅಚ್ಚುಕಟ್ಟಾದ ಉಪಯೋಗ ನಾನು ಡಿಪ್ಲೊಮಾ ತರಗತಿಯಲ್ಲೂ ನೋಡಿಲ್ಲ.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಅರ್ಧ ಮೊಟ್ಟೆ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಒಂದು ಬಾಳೆಹಣ್ಣು ಆ ಕಡೆಯಿಂದ ಈ ಕಡೆಗೆ ಹೋಯಿತು. ಅಕ್ಕೋರು ಆ ಹೊತ್ತಿಗೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಸಾರಿನ ಉಪ್ಪಿನ ಬಗ್ಗೆ ಅಡುಗೆಯವರ ಜೊತೆ ಬಹಳ ಹೊತ್ತು ಮಾತಾಡುತ್ತಿದ್ದರು. ಗಿಡದ ಕಡೆಗೆ ಬೆನ್ನು.

ಪಟ್ಟಿಯನ್ನು ಬದಲಿಸಬಾರದೇ ಎಂದು ನಾನು ಕೇಳಿದೆ. ‘ಆಗಂಗಿಲ್ರಿ ಸರ. ಅವರಪ್ಪ ಸಹಿ ಮಾಡ್ಯಾನ. ನಾ ಕೊಟ್ರ ನಾಳೆ ಆ ಹುಡಿಗಿ ಸಾಲಿನ ಬಿಡಸ್ತಾರ. ಮೊಟ್ಟಿ ಹೋಗ್ಲಿ, ಅಕ್ಷರಾನೂ ಹೊಕ್ಕೈತಿ.’ ಪೇಟೆಯಲ್ಲಿರುವ ನನ್ನ ಗೆಳೆಯನಿಗೆ ಹೇಳಿದಾಗ ಅವನು, ಮಗುವಿನ ಹಕ್ಕಿನ ಪರ ನಿಲ್ಲದ ಶಿಕ್ಷಕಿ ಎಂದ. ನನಗೆ ಹಾಗನ್ನಿಸುವುದಿಲ್ಲ. ಅಪ್ಪನ ಸಹಿಗೂ ಮಗಳ ಮಾತಿಗೂ ನಡುವೆ ಒಂದು ಬೇವಿನ ಗಿಡದಷ್ಟು ಜಾಗ ಉಳಿಸಿದರಲ್ಲ, ಅವರ ಕೈಯಲ್ಲಿ ಇದ್ದದ್ದು ಅಷ್ಟು.

ಡೆಸ್ಕಿಗೆ ಈ ಸುದ್ದಿ ಕಳಿಸಿದ್ದರೆ ಹಾಕುತ್ತಿದ್ದರು. ಶೀರ್ಷಿಕೆಯೂ ನನಗೆ ಗೊತ್ತು. ಎರಡು ದಿನದಲ್ಲಿ ಶಾಲೆಯ ಮುಂದೆ ಕ್ಯಾಮೆರಾ, ಮೂರನೇ ದಿನ ಅಕ್ಕೋರಿಗೆ ನೋಟಿಸ್, ನಾಲ್ಕನೇ ದಿನ ಆ ಹುಡುಗಿ ಮನೆಯಲ್ಲಿ. ಕಾಲಂ ಲೆಕ್ಕದಲ್ಲಿ ದುಡ್ಡು ಪಡೆಯುವ ನನ್ನಂಥವನಿಗೆ ಬಿಟ್ಟ ಸುದ್ದಿಯೂ ಒಂದು ಲೆಕ್ಕವೇ. ಆದರೂ ಬಿಟ್ಟೆ. ಇಲ್ಲಿ ಬರೆಯುವಾಗಲೂ ಊರು, ವರ್ಷ, ಓಣಿ ಯಾವುದೂ ಇಲ್ಲ, ಹುಡುಕುವವರಿಗೆ ಇಂಥ ಬೇವಿನ ಗಿಡ ಪ್ರತಿ ಶಾಲೆಯಲ್ಲೂ ಸಿಗುತ್ತದೆ.

ಪಾಠ ಅಲ್ಲಿಗೆ ಮುಗಿಯಲಿಲ್ಲ. ‘ಐ ಲೈಕ್’ ಆದ ಮೇಲೆ ‘ಶೀ ಲೈಕ್ಸ್’ ಬರಬೇಕು. ಇಂಗ್ಲಿಷಿನಲ್ಲಿ ಅವನು ಅವಳು ಎಂದ ಕೂಡಲೆ ಕ್ರಿಯಾಪದದ ಬಾಲಕ್ಕೆ ಒಂದು ‘ಸ್’ ಅಂಟುತ್ತದೆ, ಅದನ್ನು ರೂಢಿ ಮಾಡಿಸಲು ಅಕ್ಕೋರು ಮನೆಗೆಲಸ ಕೊಟ್ಟರು. ನಿಮ್ಮ ಮನೆಯವರನ್ನೆಲ್ಲ ಕೇಳಿಕೊಂಡು ಬರ್ರಿ: ಮೈ ಫಾದರ್ ಲೈಕ್ಸ್, ಮೈ ಮದರ್ ಲೈಕ್ಸ್, ಮೈ ಬ್ರದರ್ ಲೈಕ್ಸ್.

ಎರಡು ದಿನದ ನಂತರ ನೋಟ್‌ಬುಕ್ಕುಗಳನ್ನು ನಾನೂ ನೋಡಿದೆ. ಅಪ್ಪನ ಸಾಲು ಎಲ್ಲರದೂ ತುಂಬಿತ್ತು. ಎಣ್ಣೆಗಾಯಿ, ಮಿರ್ಚಿ ಭಜಿ, ಚಹಾ, ಒಂದರಲ್ಲಿ ‘ಗುಟ್ಕಾ’. ತಮ್ಮನ ಸಾಲು, ಅಣ್ಣನ ಸಾಲು ತುಂಬಿತ್ತು: ಕುರ್‌ಕುರೆ, ಚಾಕಲೇಟ್, ಗೋಬಿ. ಅಜ್ಜನಿಗೆ ನುಚ್ಚು ಮಜ್ಜಿಗೆ. ಅವ್ವನ ಸಾಲು ಅರ್ಧಕ್ಕಿಂತ ಹೆಚ್ಚು ನೋಟ್‌ಬುಕ್ಕುಗಳಲ್ಲಿ ಖಾಲಿ ಇತ್ತು.

‘ಯಾಕ ಬರದಿಲ್ಲ?’

‘ಕೇಳಿದ್ನಿ ರೀ. ನಕ್ಕಳ್ರಿ.’

‘ನಂದೇನ ಕೇಳ್ತಿ, ಬರಕೊಳ್ಳಾಕ ಬ್ಯಾರೆ ಇಲ್ಲೇನ ಅಂದಳ್ರಿ.’

‘ಏನ ಉಳದಿರತೈತಿ ಅದು ಅಂದಳ್ರಿ.’

ಕೊನೆಯದನ್ನು ಆ ಹುಡುಗ ಇಂಗ್ಲಿಷಿಗೆ ತರಲು ಹೋಗಿ ಬಿಟ್ಟಿದ್ದ, ‘ಮೈ ಮದರ್ ಲೈಕ್ಸ್’ ಆದ ಮೇಲೆ ಗೀಚಿದ ಗುರುತು ಇತ್ತು. ಅಕ್ಕೋರು ಸ್ವಲ್ಪ ಹೊತ್ತು ಆ ಪುಟದ ಮೇಲೆ ಕೈಯಿಟ್ಟುಕೊಂಡು ಕೂತರು. ಅವರ ಎರಡು ಮಕ್ಕಳು ಗದಗಿನಲ್ಲಿ ಓದುತ್ತಾರೆ. ‘ನನ್ನನ್ನ ಕೇಳಿದ್ರೂ ನಾ ಹಿಂಗ ಅಂತಿದ್ನೇನ್ರಿ’ ಎಂದರು. ಆಮೇಲೆ ಮಕ್ಕಳಿಗೆ, ‘ಖಾಲಿ ಬಿಟ್ಟವರು ನಾಳೆ ಮತ್ತ ಕೇಳಕೊಂಡ ಬರ್ರಿ. ನಕ್ಕರ ಬಿಡಬ್ಯಾಡ್ರಿ. ಸಣ್ಣಾಕಿ ಇದ್ದಾಗ ಏನ ಸೇರತಿತ್ತು ಅಂತ ಕೇಳ್ರಿ’ ಎಂದು ಹೇಳಿ ಕಳಿಸಿದರು. ‘ಲೈಕ್ಸ್’ ಹೋಗಿ ‘ಲೈಕ್ಡ್’ ಆಗುತ್ತದಲ್ಲ, ಅದು ಇನ್ನೂ ಪಾಠಕ್ಕೆ ಬಂದಿಲ್ಲವಲ್ಲ ಎಂದೆ. ಬರಲಿ ಬಿಡ್ರಿ ಎಂದರು.

ಮಾರನೇ ದಿನ ನಾನು ನರಗುಂದದಲ್ಲಿ ರೈತರ ಧರಣಿಗೆ ಹೋಗಬೇಕಾಗಿ ಬಂತು. ಮೂರು ದಿನ ಬಿಟ್ಟು ಹೋದಾಗ ಖಾಲಿ ಸಾಲುಗಳು ಬಹುಪಾಲು ತುಂಬಿದ್ದವು. ಬೆಲ್ಲದ ಜೊತೆ ಹಸಿ ಶೇಂಗಾ. ಬಾರಿಹಣ್ಣು. ಹಾಲಗಡಲಿ, ಅಂದರೆ ಸುಟ್ಟ ಹಸಿ ಕಡಲೆ. ಸೀತನಿ. ತವರಿನ ಕಡಬು ಎಂದು ಒಬ್ಬಳು ಬರೆಸಿದ್ದಳು, ಬರಿ ಕಡಬಲ್ಲ, ತವರಿನದು. ‘ಬಾಳಿಹಣ್ಣಿನಾಕಿ’ಯ ನೋಟ್‌ಬುಕ್ಕಿನಲ್ಲಿ ‘ಮೈ ಮದರ್ ಲೈಕ್ಸ್ ಹುಣಸಿ ಚಿಗರು’ ಎಂದಿತ್ತು, ಹುಣಸಿ ಚಿಗರನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ಸಲ ಒರೆಸಿ ಬರೆದಿದ್ದಳು. ಅದಕ್ಕೆ ಇಂಗ್ಲಿಷಿನಲ್ಲಿ ಏನು ಅಂತ ಅಕ್ಕೋರು ನನ್ನನ್ನು ಕೇಳಿದರು. ಮೊಬೈಲ್ ತೆಗೆದು ಹುಡುಕಿದೆ, ನೆಟ್‌ವರ್ಕ್ ಇರಲಿಲ್ಲ. ಅವರು ಕಾಯಲಿಲ್ಲ. ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿ, ಮುಂದಿನ ನೋಟ್‌ಬುಕ್ ತೆಗೆದುಕೊಂಡರು.